ನರಗಳನ್ನು ತಣಿಸುವ ಮೂಲಿಕೆಗಳು: ಯಾವುದು, ಎಷ್ಟು, ಯಾವ ಹೊತ್ತಿಗೆ

ಮನಸ್ಸಿಗೆ ಸಮಾಧಾನ ಕೊಡುವ ಮೂಲಿಕೆಗಳಲ್ಲಿ ಎರಡು ಬಗೆ. ಕುಡಿದ ಒಂದು ಗಂಟೆಯೊಳಗೆ ಮೈ ಸಡಿಲಿಸುವಂಥವು ಕೆಲವು. ವಾರಗಟ್ಟಲೆ ತಪ್ಪದೆ ತೆಗೆದುಕೊಂಡರೆ ಮಾತ್ರ ಗುಣ ತೋರಿಸುವಂಥವು ಇನ್ನು ಕೆಲವು. ಕ್ಯಾಮೊಮೈಲ್, ಲೆಮನ್ ಬಾಮ್, ಪ್ಯಾಶನ್ ಫ್ಲವರ್, ಲ್ಯಾವೆಂಡರ್ ಮೊದಲ ಗುಂಪಿಗೆ ಸೇರಿದರೆ, ಅಶ್ವಗಂಧ ಮತ್ತು ಬ್ರಾಹ್ಮಿ ಎರಡನೆಯದಕ್ಕೆ ಸೇರುತ್ತವೆ. ನಾಳೆಯ ಪರೀಕ್ಷೆಯ ಭಯಕ್ಕೆ ಇವತ್ತು ರಾತ್ರಿ ಅಶ್ವಗಂಧ ನುಂಗಿ ‘ಏನೂ ಪ್ರಯೋಜನವಿಲ್ಲ’ ಎಂದರೆ ಅದು ಮೂಲಿಕೆಯ ತಪ್ಪಲ್ಲ.

ಹಾಗಾಗಿ ಮೊದಲು ತೊಂದರೆ ಯಾವುದೆಂದು ಗುರುತಿಸಿಕೊಳ್ಳಿ. ಕೆಲಸ ಮುಗಿದರೂ ತಲೆಯೊಳಗಿನ ಗಡಿಬಿಡಿ ನಿಲ್ಲದಿದ್ದರೆ ಲೆಮನ್ ಬಾಮ್ ನೋಡಬಹುದು. ಆತಂಕವಾದಾಗ ಹೊಟ್ಟೆ ಹಿಂಡಿದಂತಾಗುವವರಿಗೆ ಕ್ಯಾಮೊಮೈಲ್ ಒಗ್ಗುತ್ತದೆ. ಹಾಸಿಗೆಗೆ ಬಿದ್ದ ಮೇಲೆ ಯೋಚನೆಗಳು ಮುತ್ತಿಕೊಳ್ಳುತ್ತಿದ್ದರೆ ಪ್ಯಾಶನ್ ಫ್ಲವರ್. ತಿಂಗಳುಗಳಿಂದ ಒತ್ತಡ, ಜೊತೆಗೆ ದಣಿವು ಎನ್ನುವವರು ಅಶ್ವಗಂಧದ ಬಗ್ಗೆ ಯೋಚಿಸಬಹುದು. ಒಂದು ಸಲಕ್ಕೆ ಒಂದೇ ಮೂಲಿಕೆ ಸಾಕು. ಐದಾರು ಬೆರೆತ ಪುಡಿಯಿಂದ ಮೈ ತುರಿಸಿದರೂ ನಿದ್ದೆ ಚೆನ್ನಾಗಿ ಬಂದರೂ ಕಾರಣ ಯಾವುದೆಂದು ಗೊತ್ತಾಗುವುದಿಲ್ಲ.

ಹೂವು, ಎಲೆಗಳನ್ನು ಕುದಿಸಬೇಡಿ

ಎಲ್ಲವನ್ನೂ ಕಷಾಯದಂತೆ ಕುದಿಸುವುದು ಹೆಚ್ಚಿನವರು ಮಾಡುವ ತಪ್ಪು. ಸುವಾಸನೆಯ ಹೂವು-ಎಲೆಗಳ ಗುಣದ ಒಂದು ಪಾಲು ಆವಿಯಾಗುವ ತೈಲದಲ್ಲಿರುತ್ತದೆ. ಪಾತ್ರೆ ತೆರೆದಿಟ್ಟು ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ, ಲೋಟದಲ್ಲಿ ಮಾತ್ರ ಬಣ್ಣದ ನೀರು ಉಳಿಯುತ್ತದೆ. ಸರಿಯಾದ ಕ್ರಮ ಹೀಗೆ: ನೀರನ್ನು ಕುದಿಸಿ ಒಲೆಯಿಂದ ಇಳಿಸಿ. ಲೋಟದಲ್ಲಿಟ್ಟ ಒಣ ಮೂಲಿಕೆಯ ಮೇಲೆ 150 ಮಿಲಿ ಸುರಿದು ಕೂಡಲೇ ಮುಚ್ಚಿ, 10 ನಿಮಿಷ ಬಿಡಿ. ಮುಚ್ಚಳದ ಒಳಗೆ ಕಟ್ಟಿದ ಹನಿಗಳನ್ನು ಲೋಟಕ್ಕೇ ಕೊಡವಿ, ಆಮೇಲೆ ಸೋಸಿ.

ಅಳತೆ: ಕ್ಯಾಮೊಮೈಲ್ ಹೂವು 2ರಿಂದ 3 ಗ್ರಾಂ, ಲೆಮನ್ ಬಾಮ್ ಎಲೆ 2ರಿಂದ 4 ಗ್ರಾಂ, ಪ್ಯಾಶನ್ ಫ್ಲವರ್ 1ರಿಂದ 2 ಗ್ರಾಂ, ಲ್ಯಾವೆಂಡರ್ ಹೂವು 1ರಿಂದ 2 ಗ್ರಾಂ. ಒಣ ಹೂವು ಹಗುರ, ಚಮಚದ ಲೆಕ್ಕ ಮೋಸ ಮಾಡುತ್ತದೆ. ಒಂದು ಸಲ ತಕ್ಕಡಿಯಲ್ಲಿ ತೂಗಿ, ನಿಮ್ಮ ಚಮಚಕ್ಕೆ ಎಷ್ಟು ಬರುತ್ತದೆಂದು ನೋಡಿಕೊಂಡರೆ ಮುಂದೆ ತೊಂದರೆಯಿಲ್ಲ. ಚಹಾ ಚೀಲಗಳಲ್ಲಿ ಸಾಮಾನ್ಯವಾಗಿ 1ರಿಂದ 2 ಗ್ರಾಂ ಮಾತ್ರ ಇರುವುದರಿಂದ ಕ್ಯಾಮೊಮೈಲ್‌ಗೆ ಕೆಲವೊಮ್ಮೆ ಎರಡು ಚೀಲ ಬೇಕಾಗುತ್ತದೆ. ಪ್ಯಾಶನ್ ಫ್ಲವರ್‌ನಲ್ಲಿ ಔಷಧಿಗೆ ಬಳಸುವುದು ಇನ್‌ಕಾರ್ನೇಟಾ ಜಾತಿಯನ್ನು. ಅಂದಕ್ಕೆಂದು ಬೆಳೆಸುವ ಬೇರೆ ಜಾತಿಯ ಬಳ್ಳಿಗಳ ಎಲೆ ಕಿತ್ತು ಕುಡಿಯಬೇಡಿ.

ಬೇರುಗಳು ಗಟ್ಟಿ, ಅವನ್ನು ಕುದಿಸುವುದೇ ರೂಢಿ. ನಿದ್ದೆಗೆಂದು ಬಳಸುವ ವಲೇರಿಯನ್ ಬೇರು ಮಾತ್ರ ಇದಕ್ಕೆ ಹೊರತು, ಅದರಲ್ಲೂ ಆವಿಯಾಗುವ ತೈಲವಿದೆ. ಜಜ್ಜಿದ 2 ಗ್ರಾಂ ಬೇರನ್ನು ಬಿಸಿನೀರಲ್ಲಿ 10-15 ನಿಮಿಷ ಮುಚ್ಚಿಟ್ಟರೆ ಸಾಕು. ವಾಸನೆ ಬೆವರಿನ ಕಾಲುಚೀಲವನ್ನು ನೆನಪಿಸುತ್ತದೆ, ಅದು ಕೆಟ್ಟಿದೆಯೆಂದು ಎಸೆಯಬೇಡಿ. ವಲೇರಿಯನ್ ಗುಣ ನಿಧಾನವಾಗಿ ಕಾಣುತ್ತದೆ, 2ರಿಂದ 4 ವಾರ ಬೇಕು. ಕೆಲವರಿಗೆ ಇದು ನಿದ್ದೆ ತರುವ ಬದಲು ಚಡಪಡಿಕೆ ತರುತ್ತದೆ. ಹಾಗಾದರೆ ಬಿಟ್ಟುಬಿಡಿ, ಪ್ರಮಾಣ ಹೆಚ್ಚಿಸಬೇಡಿ.

ನಿದ್ದೆಗೆಂದು ಕುಡಿಯುವುದಾದರೆ ಮಲಗುವುದಕ್ಕೆ ಒಂದು ಗಂಟೆ ಮುಂಚೆ, 150 ಮಿಲಿ ಮೀರದಂತೆ. ದೊಡ್ಡ ಲೋಟ ತುಂಬ ಕುಡಿದರೆ ನಡುರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತದೆ, ಬಂದ ನಿದ್ದೆಯೂ ಹೋಗುತ್ತದೆ. ಕಾಫಿಯ ಲೆಕ್ಕವನ್ನೂ ಹಾಕಿ. ಅದರ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಸಂಜೆ 5ಕ್ಕೆ ಕುಡಿದ ಕಾಫಿ ರಾತ್ರಿ 10ಕ್ಕೂ ಅರ್ಧ ಪಾಲು ಒಳಗೇ ಇರುತ್ತದೆ, ಕ್ಯಾಮೊಮೈಲ್ ಅದರೆದುರು ಸೋಲುತ್ತದೆ.

ಲ್ಯಾವೆಂಡರ್ ಎಣ್ಣೆಯ ಮಾತೇ ಬೇರೆ. ಬಾಟಲಿಯ ಸುಗಂಧ ತೈಲವನ್ನು ಕುಡಿಯಬಾರದು, ನೇರವಾಗಿ ಚರ್ಮಕ್ಕೂ ಹಚ್ಚಬಾರದು. 30 ಮಿಲಿ ಅಡುಗೆ ಎಣ್ಣೆ ಅಥವಾ ಬಾದಾಮಿ ಎಣ್ಣೆಗೆ ಸುಮಾರು 12 ಹನಿ ಬೆರೆಸಿ ಕತ್ತು, ಭುಜಗಳಿಗೆ ತಿಕ್ಕಿಕೊಳ್ಳಿ. ಸ್ನಾನದ ನೀರಿಗೆ ಹಾಗೇ ಹನಿಸಿದರೆ ಅದು ಮೇಲೆ ತೇಲಿ ಚರ್ಮ ಉರಿಸಬಹುದು.

ನಿಧಾನದ ಮೂಲಿಕೆಗಳು

ಅಶ್ವಗಂಧದಲ್ಲಿ ಬಳಸಬೇಕಾದದ್ದು ಬೇರನ್ನು, ಎಲೆಯನ್ನಲ್ಲ. ಚೂರ್ಣವಾದರೆ ರಾತ್ರಿ ಊಟದ ನಂತರ ಅರ್ಧ ಚಿಕ್ಕ ಚಮಚದಿಂದ ಆರಂಭಿಸಿ, ವಾರದ ಮೇಲೆ ಒಂದು ಚಮಚಕ್ಕೆ (ಸುಮಾರು 3 ಗ್ರಾಂ) ಏರಿಸಿ, ಬಿಸಿನೀರು ಅಥವಾ ಹಾಲಿನೊಡನೆ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ, ಭೇದಿ ಆಗುವುದುಂಟು. ಗುಳಿಗೆ ಕೊಳ್ಳುವುದಾದರೆ ಚೀಟಿ ಓದಿ: 300 ಮಿಲಿಗ್ರಾಂ ಸಾರಕ್ಕೂ 300 ಮಿಲಿಗ್ರಾಂ ಬೇರುಪುಡಿಗೂ ಹೋಲಿಕೆಯಿಲ್ಲ. ಸಾರವಾದರೆ ಅದರಲ್ಲಿ ವಿಥನೊಲೈಡ್ (ಅಶ್ವಗಂಧದ ಮುಖ್ಯ ಸಕ್ರಿಯ ಅಂಶ) ಎಷ್ಟು ಶೇಕಡಾ ಎಂದು ನಮೂದಾಗಿರಬೇಕು. ಗುಣ ಕಾಣಲು 6ರಿಂದ 8 ವಾರ ಕಾಯಿರಿ. ಮೂರು ತಿಂಗಳು ಮೀರಿದ ಬಳಕೆಯ ಸುರಕ್ಷತೆಯ ಬಗ್ಗೆ ಅಧ್ಯಯನ ಕಡಿಮೆ, ಆದ್ದರಿಂದ ಅಷ್ಟರಲ್ಲಿ ನಿಲ್ಲಿಸಿ. ಅಪರೂಪವಾದರೂ ಯಕೃತ್ತಿಗೆ ಪೆಟ್ಟುಬಿದ್ದ ಪ್ರಕರಣಗಳಿವೆ. ಮೂತ್ರ ಕಡುಬಣ್ಣವಾದರೆ, ಕಣ್ಣು ಹಳದಿಯಾದರೆ, ಮೈ ತುರಿಸತೊಡಗಿದರೆ ಅಂದೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಥೈರಾಯ್ಡ್ ತೊಂದರೆಯಿರುವವರು ಕೇಳದೆ ಶುರುಮಾಡಬೇಡಿ, ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು.

ಬ್ರಾಹ್ಮಿ ಎಂದು ಎರಡು ಗಿಡಗಳು ಮಾರಾಟವಾಗುತ್ತವೆ. ದುಂಡನೆಯ ಎಲೆಯ ಒಂದೆಲಗ ಒಂದು, ಸಣ್ಣ ರಸಭರಿತ ಎಲೆಗಳು ಜೋಡಿಯಾಗಿ ಬರುವ ನೀರುಬ್ರಾಹ್ಮಿ ಇನ್ನೊಂದು. ಅಧ್ಯಯನಗಳಲ್ಲಿ ಹೇಳುವ ದಿನಕ್ಕೆ 300 ಮಿಲಿಗ್ರಾಂ, 12 ವಾರ ಎಂಬ ಲೆಕ್ಕ ನೀರುಬ್ರಾಹ್ಮಿಯ ಸಾರದ್ದು. ಇದು ನೆನಪಿಗೆ ಹೆಚ್ಚು, ಶಾಂತಿಗೆ ಕಡಿಮೆ. ಊಟದ ಜೊತೆಗೇ ತೆಗೆದುಕೊಳ್ಳಿ.

ಯಾರು ದೂರವಿರಬೇಕು

ನಿದ್ದೆ ಮಾತ್ರೆ, ಆತಂಕದ ಅಥವಾ ಮೂರ್ಛೆರೋಗದ ಔಷಧಿ ನುಂಗುವವರಿಗೆ, ಮದ್ಯ ಕುಡಿದವರಿಗೆ ಇವುಗಳ ಮಂಪರು ಕೂಡಿಕೊಂಡು ಅಪಾಯವಾಗಬಹುದು. ಹೊಸ ಮೂಲಿಕೆ ಕುಡಿದ ಮೊದಲ ಕೆಲವು ದಿನ ವಾಹನ ಓಡಿಸದಿರುವುದೇ ಲೇಸು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧಿ ತೆಗೆದುಕೊಳ್ಳುವವರು ಕ್ಯಾಮೊಮೈಲ್ ಮುಟ್ಟಬಾರದು. ಸೇವಂತಿಗೆ, ಪಾರ್ಥೇನಿಯಂ ಅಲರ್ಜಿ ಇದ್ದವರಿಗೂ ಅದು ಆಗದಿರಬಹುದು, ಮೂರೂ ಒಂದೇ ಕುಟುಂಬದ ಗಿಡಗಳು. ಗರ್ಭಿಣಿಯರಿಗೆ ಅಶ್ವಗಂಧ ಬೇಡ, ಉಳಿದವನ್ನೂ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆ ಕೊಡುವವರಿಗೆ ತಿಳಿಸಿ. ಖಿನ್ನತೆಗೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಮೂಲಿಕೆಯನ್ನು ಈ ಸಾಲಿಗೆ ಸೇರಿಸಲೇಬೇಡಿ. ಅದು ಗರ್ಭನಿರೋಧಕ ಮಾತ್ರೆ ಸಹಿತ ಅನೇಕ ಔಷಧಿಗಳ ಪರಿಣಾಮ ಕುಗ್ಗಿಸುತ್ತದೆ.

ಆರಂಭಿಸಿದ ದಿನದಿಂದ ಮಲಗಿದ ಹೊತ್ತು, ಎಚ್ಚರವಾದ ಸಲ, ಸಂಜೆಯ ಆತಂಕಕ್ಕೆ 0ರಿಂದ 10ರೊಳಗೆ ಒಂದು ಅಂಕಿ ಇಷ್ಟನ್ನು ಬರೆದಿಡಿ. ಬೇಗ ಕೆಲಸ ಮಾಡುವ ಮೂಲಿಕೆಯಲ್ಲಿ ಎರಡು ವಾರವಾದರೂ ಅಂಕಿ ಇಳಿಯದಿದ್ದರೆ ಬದಲಿಸಿ. ವಾರಕ್ಕೆ ಮೂರು ರಾತ್ರಿ, ಮೂರು ತಿಂಗಳು ನಿದ್ದೆಗೆಟ್ಟಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಅದಕ್ಕೆ ಮೂಲಿಕೆಗಿಂತ ನಿದ್ದೆಗೆಂದೇ ರೂಪಿಸಿದ ಮನೋಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ವಲೇರಿಯನ್ ತಿಂಗಳುಗಟ್ಟಲೆ ಕುಡಿದಿದ್ದರೆ ಥಟ್ಟನೆ ಬಿಡದೆ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ.