ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹೊಂದುತ್ತದೆಯೇ? ಪರೀಕ್ಷಿಸುವ ಕ್ರಮ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಕೊಳ್ಳಬಹುದೇ ಎಂದು ಯೋಚಿಸುತ್ತಿರುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಮೊದಲು ನೋಡುವುದು ರ‍್ಯಾಮ್ ಎಷ್ಟಿದೆ ಎಂಬುದನ್ನು. ಆದರೆ ರ‍್ಯಾಮನ್ನು ಸಾಮಾನ್ಯವಾಗಿ ಹೆಚ್ಚಿಸಿಕೊಳ್ಳಬಹುದು, ಲ್ಯಾಪ್‌ಟಾಪಿನ ಪ್ರೊಸೆಸರನ್ನು ಬದಲಿಸುವುದು ಬಹುತೇಕ ಅಸಾಧ್ಯ; ಆದ್ದರಿಂದ ಪರೀಕ್ಷೆ ಪ್ರೊಸೆಸರ್‌ನಿಂದಲೇ ಆರಂಭವಾಗಬೇಕು.

ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಎಂದು ಹುಡುಕಿ ತೆರೆದರೆ ಪ್ರೊಸೆಸರಿನ ಪೂರ್ಣ ಹೆಸರು ಕಾಣಿಸುತ್ತದೆ. ಇಂಟೆಲ್ ಆಗಿದ್ದರೆ ‘ಐ5’ ಎಂಬುದಷ್ಟನ್ನೇ ನೋಡಿ ತೃಪ್ತರಾಗಬೇಡಿ, ಅದರ ಮುಂದಿನ ಸಂಖ್ಯೆಯನ್ನು ಗಮನಿಸಿ. ಐ5-7200ಯು ಏಳನೇ ತಲೆಮಾರಿನದು, ಅದಕ್ಕೆ ಅಧಿಕೃತ ಬೆಂಬಲವಿಲ್ಲ. ಐ5-8250ಯು ಎಂಟನೆಯದು, ಅದಕ್ಕೆ ಇದೆ. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್‌ಗಳಲ್ಲಿ 2000 ಸರಣಿಯ ಕೆಲವು ಮಾದರಿಗಳು ಪಟ್ಟಿಯಲ್ಲಿವೆ, ಕೆಲವು ಇಲ್ಲ. ಹಾಗಾಗಿ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಮಾದರಿಯ ಹೆಸರನ್ನೇ ಹುಡುಕಬೇಕು.

ಎರಡನೆಯದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಇದು ಸಿಗಲಿಲ್ಲವೆಂದು ಹೇಳಿದಾಕ್ಷಣ ಹೊಸ ಯಂತ್ರ ಕೊಳ್ಳಲು ಹೊರಡುವುದು ಅವಸರದ ತೀರ್ಮಾನವಾಗುತ್ತದೆ. ಅನೇಕ ಯಂತ್ರಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ ಯಂತ್ರದ ಮೂಲ ತಂತ್ರಾಂಶದಲ್ಲಿ, ಆಫ್ ಆಗಿರುತ್ತದೆ. ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದನ್ನು ಹುಡುಕಿ ಆನ್ ಮಾಡಬಹುದು. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಬಳಸುತ್ತಿದ್ದರೆ, ಬಯಾಸ್ ಮುಟ್ಟುವ ಮೊದಲು ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಸಿಸ್ಟಮ್ ಇನ್ಫರ್ಮೇಶನ್‌ನ ‘ಬಯಾಸ್ ಮೋಡ್’ ಎಂಬ ಸಾಲಿನಲ್ಲಿ ‘ಲೆಗಸಿ’ ಎಂದಿದ್ದರೆ ಎಚ್ಚರ ಬೇಕು; ವಿಂಡೋಸ್ 11ಕ್ಕೆ ಬೇಕಾದದ್ದು ಯುಇಎಫ್‌ಐ ಎಂಬ ಹೊಸ ಬಗೆ. ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನಾ ವಿಧಾನದಲ್ಲಿರುವಾಗ ಅದನ್ನು ಜಿಪಿಟಿ ಎಂಬ ಹೊಸ ವಿಧಾನಕ್ಕೆ ಪರಿವರ್ತಿಸದೆ ಬಯಾಸ್ ಮೋಡನ್ನು ಯುಇಎಫ್‌ಐಗೆ ಬದಲಾಯಿಸಿದರೆ ವಿಂಡೋಸ್ ಆರಂಭವೇ ಆಗುವುದಿಲ್ಲ. ಕಡತಗಳ ಪ್ರತಿಯನ್ನು ಬೇರೆ ಡ್ರೈವ್‌ನಲ್ಲಿ ಇರಿಸದೆ ಈ ಕೆಲಸಕ್ಕೆ ಕೈಹಾಕಬಾರದು.

ಇನ್ನು ರ‍್ಯಾಮ್ ಕನಿಷ್ಠ 4 ಜಿಬಿ, ಸಂಗ್ರಹ 64 ಜಿಬಿ. ನಾಲ್ಕು ಜಿಬಿಯಲ್ಲಿ ವಿಂಡೋಸ್ ಇನ್‌ಸ್ಟಾಲ್ ಆಗುವುದೇನೋ ನಿಜ, ಆದರೆ ನೆಮ್ಮದಿಯ ಕೆಲಸಕ್ಕೆ ಎಂಟಾದರೂ ಬೇಕೆಂಬುದು ನನ್ನ ಅಭಿಪ್ರಾಯ.

ಯಂತ್ರ ಹೊಂದಿದರೂ ಅದಕ್ಕೆ ಜೋಡಿಸಿರುವ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಹೊಸ ಡ್ರೈವರ್ ಇದೆಯೇ ಎಂಬುದನ್ನು ತಯಾರಕರ ತಾಣದಲ್ಲಿ ನೋಡಿಕೊಳ್ಳಿ. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳಿರುವವರು ಆ ಫಾಂಟ್‌ಗಳನ್ನೂ ತೆಗೆದಿರಿಸಿಕೊಳ್ಳಬೇಕು. ಅವು ಯೂನಿಕೋಡ್ ಅಲ್ಲದ ಕಾರಣ, ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ.

ಕಡತಗಳನ್ನು ಉಳಿಸಿಕೊಂಡೇ ಅಪ್‌ಗ್ರೇಡ್ ಮಾಡಿದವರಿಗೆ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದ ಮೂಲಕ ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಆದ್ದರಿಂದ ಪ್ರಿಂಟರ್‌ನಿಂದ ಹಿಡಿದು ಹಳೆಯ ಕಡತಗಳವರೆಗೆ ಎಲ್ಲವನ್ನೂ ಮೊದಲ ವಾರದಲ್ಲೇ ಒಮ್ಮೆ ಬಳಸಿ ನೋಡಿ, ಅಲ್ಲಿಯವರೆಗೆ ಡಿಸ್ಕ್ ಕ್ಲೀನಪ್‌ನಲ್ಲಿ ಹಿಂದಿನ ವಿಂಡೋಸ್‌ನ ಕಡತಗಳನ್ನು ಅಳಿಸಬೇಡಿ.