ಗೂಡು ಹಳೆಯದು, ಕಾಗದ ಹೊಸದು: ಮನೆಯಲ್ಲೇ ಗೂಡುದೀಪ ಕಟ್ಟುವ ನನ್ನ ಅನುಭವ

ನಮ್ಮ ಮನೆಯ ದೀಪಾವಳಿ ಅಲಂಕಾರದಲ್ಲಿ ಪ್ರತಿವರ್ಷ ಹೊಸದಾಗುವುದು ಕಾಗದ ಮಾತ್ರ. ಅದರೊಳಗಿನ ಬಿದಿರಿನ ಗೂಡು ಹಳೆಯದೇ. ಒಮ್ಮೆ ಗಟ್ಟಿಯಾಗಿ ಕಟ್ಟಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಹಬ್ಬ ಬಂದಾಗ ಬಣ್ಣ ಬದಲಾಯಿಸಿದರೆ ಸಾಕು, ಮನೆಗೆ ಬೇರೆಯದೇ ಕಳೆ ಬರುತ್ತದೆ. ಮಂಗಳೂರು, ಉಡುಪಿ ಕಡೆ ನಾವು ಇದನ್ನು ಗೂಡುದೀಪ ಅನ್ನುತ್ತೇವೆ. ಘಟ್ಟದ ಮೇಲಿನವರ ಆಕಾಶಬುಟ್ಟಿ ಇದೇ.

ಈಗ ಅಂಗಡಿಗಳಲ್ಲಿ ಮಡಚಿಡುವ ಪ್ಲಾಸ್ಟಿಕ್ ಗೂಡುದೀಪಗಳು ರಾಶಿ ರಾಶಿ ಸಿಗುತ್ತವೆ. ತಂದು ಬಿಡಿಸಿ ತೂಗುಹಾಕಿದರೆ ಕೆಲಸ ಮುಗಿಯಿತು. ಆದರೆ ಮರುವರ್ಷ ತೆಗೆದು ನೋಡಿದರೆ ಮಡಿಕೆಯಲ್ಲೇ ಸೀಳು ಬಿಟ್ಟಿರುತ್ತದೆ. ಅದನ್ನು ಎಸೆಯಬೇಕು, ಇನ್ನೊಂದು ತರಬೇಕು. ಅದಕ್ಕಿಂತ ಒಂದು ಸಂಜೆ ಕೂತು ಗೂಡು ಕಟ್ಟುವುದು ಎಷ್ಟೋ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲಂಕಾರಕ್ಕೆ ಸಮಯ ಕೊಡುವುದಾದರೆ ಅದರ ಮುಕ್ಕಾಲು ಪಾಲು ಗೂಡಿಗೇ ಕೊಡಿ. ಕಾಗದ ಹಚ್ಚುವುದು ಆಮೇಲೆ ಸಲೀಸು.

ಕಟ್ಟುವ ಕ್ರಮ ನನಗೆ ಹೇಳಿಕೊಟ್ಟವರು ಸೋದರಮಾವ. "ಆರು ಚೌಕ ಸರಿಯಾದ್ರೆ ಗೂಡು ತಾನಾಗಿ ಸರಿಯಾಗ್ತದೆ" ಅನ್ನುತ್ತಿದ್ದರು. ಗೂಡುದೀಪದ ಗುಟ್ಟು ಇರುವುದು ಅಷ್ಟರಲ್ಲೇ. ನೋಡುವವರಿಗೆ ಅದು ಬಹಳ ಮೂಲೆಗಳ, ಕಷ್ಟದ ಆಕಾರದಂತೆ ಕಾಣುತ್ತದೆ. ನಿಜವಾಗಿ ಅಲ್ಲಿರುವುದು ಒಂದೇ ಅಳತೆಯ ಆರು ಚೌಕಗಳು. ಅವುಗಳನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ತ್ರಿಕೋನಕ್ಕೆ ಬೇರೆ ಕಡ್ಡಿ ಬೇಡವೇ ಬೇಡ.

ಒಂದು ಚೌಕಕ್ಕೆ ನಾಲ್ಕರಂತೆ ಒಟ್ಟು 24 ಕಡ್ಡಿ ಬೇಕು. ನಾನು 9 ಇಂಚಿನ ಕಡ್ಡಿ ಕತ್ತರಿಸಿಕೊಂಡು ಎರಡೂ ತುದಿಯಿಂದ ಅರ್ಧ ಇಂಚು ಒಳಗೆ ಪೆನ್ಸಿಲ್ ಗುರುತು ಹಾಕುತ್ತೇನೆ. ಗುರುತಿನ ಮೇಲೆ ಕಡ್ಡಿಗಳನ್ನು ಅಡ್ಡಡ್ಡ ಇಟ್ಟು ಕಟ್ಟಿದರೆ 8 ಇಂಚಿನ ಚೌಕ ಸಿಗುತ್ತದೆ. ಹೊರಗೆ ಉಳಿದ ಅರ್ಧ ಇಂಚಿನ ತುದಿಗಳು ವ್ಯರ್ಥವಲ್ಲ. ಪಕ್ಕದ ಚೌಕವನ್ನು ಕಟ್ಟುವಾಗ ದಾರ ಜಾರದಂತೆ ಹಿಡಿಯುವುದು ಅವೇ. ಕೊನೆಗೆ ಕಾಗದದ ಗೊಂಡೆ ಸಿಕ್ಕಿಸುವುದೂ ಅವಕ್ಕೇ. ಲೆಕ್ಕ ಹಾಕಿದರೆ ಒಟ್ಟು 18 ಅಡಿ ಬಿದಿರಿನ ಸೀಳು. ಮುರಿಯುವುದಕ್ಕೆಂದು ನಾಲ್ಕು ಕಡ್ಡಿ ಜಾಸ್ತಿ ಇಟ್ಟುಕೊಳ್ಳಿ.

ಬಿದಿರು ಎಲ್ಲಿಂದ? ಹಳ್ಳಿಯಲ್ಲಿ ಇದೊಂದು ಪ್ರಶ್ನೆಯೇ ಅಲ್ಲ. ಪೇಟೆಯಲ್ಲಿದ್ದರೆ ಬುಟ್ಟಿ ಹೆಣೆಯುವವರನ್ನು ಕೇಳಿ, ಸೀಳಿ ಕೊಡುತ್ತಾರೆ. ಗೆಣ್ಣು ಬಾರದ ಭಾಗದ ಸೀಳು ನೋಡಿ ತೆಗೆದುಕೊಳ್ಳಬೇಕು. ಗೆಣ್ಣು ಇರುವಲ್ಲಿ ಕಡ್ಡಿ ನೆಟ್ಟಗೆ ನಿಲ್ಲುವುದಿಲ್ಲ. ಹಸಿ ಬಿದಿರಾದರೆ ಒಂದೆರಡು ವಾರ ನೀರಿನಲ್ಲಿ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿ. ಬಿದಿರಿನೊಳಗಿನ ಪಿಷ್ಟಕ್ಕೆ ಕುಟ್ಟೆ ಹುಳ ಬರುವುದು. ಅದು ನೀರಿಗೆ ಬಿಟ್ಟುಹೋದರೆ ಹುಳದ ಕಾಟ ಕಡಿಮೆ. ಗೂಡು ವರ್ಷಗಟ್ಟಲೆ ಉಳಿಯಬೇಕಲ್ವಾ, ಹಾಗಾಗಿ ಈ ಶ್ರಮ. ಇದೆಲ್ಲ ಆಗದವರಿಗೆ ಸೂಪರ್ ಮಾರ್ಕೆಟಿನಲ್ಲಿ ಪನೀರ್ ಸುಡುವುದಕ್ಕೆಂದು ಮಾರುವ ಬಿದಿರಿನ ಕಡ್ಡಿಗಳ ಕಟ್ಟು ಸಿಗುತ್ತದೆ. ಸಣ್ಣ ಗೂಡುದೀಪಕ್ಕೆ ಅದು ಧಾರಾಳ ಸಾಕು. ಮಕ್ಕಳು ಆಟಕ್ಕೆ ಅಂಗೈಯಗಲದ್ದು ಕಟ್ಟುವುದಾದರೆ ತೆಂಗಿನ ಹಿಡಿಸೂಡಿಯ ಕಡ್ಡಿಯೇ ಆದೀತು.

ಜೋಡಿಸುವ ಕ್ರಮ ಹೀಗೆ. ಮೊದಲು ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ಹಿಡಿಯಿರಿ, ಗಾಳಿಪಟ ಹಿಡಿಯುವ ಹಾಗೆ. ಒಂದರ ಪಕ್ಕದ ಮೂಲೆಯನ್ನು ಇನ್ನೊಂದರ ಪಕ್ಕದ ಮೂಲೆಗೆ ಕಟ್ಟುತ್ತ ಹೋಗಿ ಸುತ್ತು ಮುಗಿಸಿ. ಈಗ ಮೇಲಕ್ಕೆ ನಾಲ್ಕು ಮೂಲೆ ಚಾಚಿರುತ್ತವೆ, ಕೆಳಕ್ಕೆ ನಾಲ್ಕು. ಐದನೆಯ ಚೌಕವನ್ನು ಮೇಲಿನ ನಾಲ್ಕು ಮೂಲೆಗಳಿಗೆ, ಆರನೆಯದನ್ನು ಕೆಳಗಿನವಕ್ಕೆ ಕಟ್ಟಿದರೆ ಗೂಡು ಆಯಿತು. ಹತ್ತಿಯ ದಾರವನ್ನು ಒದ್ದೆ ಮಾಡಿ ಕಟ್ಟಿ, ಗಂಟು ಜಾರುವುದಿಲ್ಲ. ಗಂಟಿನ ಮೇಲೆ ಒಂದು ತೊಟ್ಟು ಫೆವಿಕಾಲ್ ಹಾಕಿದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ಗೂಡನ್ನು ಕೈಯಲ್ಲಿ ಹಿಡಿದು ತಿರುಚಿದರೆ ಅದು ಸುಮ್ನೆ ಸೊರಗಿದಂತೆ ವಾಲುತ್ತದೆ. ಕಟ್ಟಿದ್ದು ಸಡಿಲವಾಗಿದೆ ಎಂದು ಗಾಬರಿ ಬೇಡ. ತ್ರಿಕೋನ ಅಲುಗಾಡುವುದಿಲ್ಲ, ಚೌಕ ಮಾತ್ರ ಓರೆಯಾಗುತ್ತದೆ. ಅದಕ್ಕೆ ಪಕ್ಕದ ನಾಲ್ಕೂ ಚೌಕಗಳಲ್ಲಿ ಮೂಲೆಯಿಂದ ಮೂಲೆಗೆ ಬಿಳಿ ದಾರವನ್ನು ಬಿಗಿದು ಅಡ್ಡಡ್ಡ ಕಟ್ಟಬೇಕು. ಮೇಲಿನ ಚೌಕಕ್ಕೆ ದಾರದ ಬದಲು ಒಂದು ಗಟ್ಟಿ ಕಡ್ಡಿಯನ್ನೇ ಮೂಲೆಯಿಂದ ಮೂಲೆಗೆ ಕಟ್ಟಿ. ಅದು ಬಿಗಿತವೂ ಆಯಿತು, ಬಲ್ಬಿನ ಹೋಲ್ಡರ್ ತೂಗುಹಾಕುವುದಕ್ಕೂ ಆಯಿತು. ಕೆಳಗಿನ ಚೌಕಕ್ಕೆ ಒಂದೇ ಎಳೆ ದಾರ ಸಾಕು, ಬಲ್ಬ್ ಹಾಕಲು ಕೈ ಒಳಗೆ ಹೋಗಬೇಕಲ್ಲ. ಈ ದಾರ ಕಟ್ಟಿದ ಗೂಡು, ಕಟ್ಟದ ಗೂಡು ಎರಡನ್ನೂ ಹಿಡಿದು ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. 8 ಇಂಚಿನ ಚೌಕದಲ್ಲಿ ಗೂಡಿನ ಎತ್ತರ 11 ಇಂಚಿನ ಆಸುಪಾಸು, ನಡುವಿನ ಅಗಲ ಮೂಲೆಯಿಂದ ಮೂಲೆಗೆ 16 ಇಂಚು. ಫ್ಲ್ಯಾಟಿನ ಬಾಲ್ಕನಿಗೆ ಇದು ಹಿತವಾದ ಅಳತೆ.

ದಸರಾ ರಜೆಯಲ್ಲಿ ಮಕ್ಕಳು ಮನೆಯಲ್ಲಿರುತ್ತಾರೆ. ನಾನು ಚೌಕದ ಕೆಲಸವನ್ನು ಆಗಲೇ ಮುಗಿಸಿಕೊಳ್ಳುತ್ತೇನೆ. ಕಾಗದದ ಕೆಲಸ ದೀಪಾವಳಿಯ ಹಿಂದಿನ ವಾರಕ್ಕೆ.

ಕಾಗದ ಎಂದರೆ ತೆಳ್ಳಗಿನ ಬಣ್ಣದ ಕಾಗದ, ಗಾಳಿಪಟಕ್ಕೆ ಬಳಸುವಂಥದ್ದು. ಗ್ಲಾಸ್ ಪೇಪರ್ ಹೊಳೆಯುತ್ತದೆ ಎಂದು ಎಷ್ಟೋ ಜನ ಅದನ್ನೇ ತರುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗ್ಲಾಸ್ ಪೇಪರಿನ ಹಿಂದೆ ಬಲ್ಬ್ ಒಂದು ಚುಕ್ಕಿಯಾಗಿ ಕಣ್ಣಿಗೆ ಚುಚ್ಚುತ್ತದೆ. ತೆಳು ಕಾಗದದಲ್ಲಿ ಬೆಳಕು ಹರಡಿ ಇಡೀ ಗೂಡೇ ಬೆಳಗುತ್ತದೆ. ಮಾಡಿದ್ದಕ್ಕೆ ಸಾರ್ಥಕ ಅನ್ನಿಸುವುದು ಆಗಲೇ. ಚೌಕಕ್ಕೆ ಒಂದು ಬಣ್ಣ, ತ್ರಿಕೋನಕ್ಕೆ ಇನ್ನೊಂದು. ಎರಡೇ ಬಣ್ಣ ಸಾಕು, ಮೂರನೆಯದನ್ನು ಬೇಕಾದರೆ ಬಾಲದಲ್ಲಿ ತನ್ನಿ. ಹಳದಿ ಮತ್ತು ಕೆಂಪು ಹಗಲಲ್ಲೂ ಚೆಂದ, ರಾತ್ರಿಯಲ್ಲೂ ಚೆಂದ. ಗಾಢ ನೀಲಿ ಹಗಲಿಗೆ ಎದ್ದು ಕಾಣುತ್ತದೆ, ರಾತ್ರಿ ಬೆಳಕನ್ನೆಲ್ಲ ನುಂಗಿಬಿಡುತ್ತದೆ.

ಅಂಟಿಗೆ ನಾನು ಮೈದಾ ಬಿಟ್ಟು ಬೇರೇನೂ ಬಳಸುವುದಿಲ್ಲ. ಒಂದು ಲೋಟ ನೀರಿಗೆ ಎರಡು ಚಮಚ ಮೈದಾ ಕಲಸಿ, ಗಂಟಾಗದಂತೆ ತಿರುವುತ್ತ ಕುದಿಸಿದರೆ ಆಯಿತು. ಬಿಳಿ ಬಣ್ಣ ಹೋಗಿ ಸ್ವಲ್ಪ ಪಾರದರ್ಶಕವಾದಾಗ ಇಳಿಸಿ. ಗೋಡೆಗೆ ಪೋಸ್ಟರ್ ಅಂಟಿಸುವವರು ಇದಕ್ಕೆ ಹುಳ ಬಾರದಂತೆ ಮೈಲುತುತ್ತು ಹಾಕುತ್ತಾರೆ. ಅದು ವಿಷ, ಮಕ್ಕಳು ಕೈಹಾಕುವ ಕೆಲಸಕ್ಕೆ ಬೇಡ. ಫೆವಿಕಾಲ್ ಗಟ್ಟಿ ಹಿಡಿಯುತ್ತದೆ ನಿಜ, ಆದರೆ ಮರುವರ್ಷ ಅದನ್ನು ಕೆರೆದು ತೆಗೆಯುವಾಗ ಕಡ್ಡಿಯೇ ಏಳುತ್ತದೆ. ಮೈದಾ ಅಂಟು ಒದ್ದೆ ಬಟ್ಟೆಗೆ ಬಿಟ್ಟುಬರುತ್ತದೆ. ಗೂಡನ್ನು ಉಳಿಸಿಕೊಳ್ಳಬೇಕು ಅನ್ನುವವರು ಅಂಟನ್ನೂ ಅದಕ್ಕೆ ತಕ್ಕ ಹಾಗೆ ಆರಿಸಬೇಕು.

ಚೌಕಕ್ಕಿಂತ ಸುತ್ತಲೂ ಅರ್ಧ ಇಂಚು ದೊಡ್ಡದಾಗಿ ಕಾಗದ ಕತ್ತರಿಸಿ, ಅಂಚನ್ನು ಕಡ್ಡಿಯ ಮೇಲೆ ಮಡಚಿ ಅಂಟಿಸಿ. ತುಂಬಾ ಎಳೆದರೆ ಹರಿಯುತ್ತದೆ. ಸ್ವಲ್ಪ ಸುಕ್ಕು ಉಳಿದರೂ ಪರವಾಗಿಲ್ಲ. ಅಂಟು ಪೂರ್ತಿ ಒಣಗಿದ ಮೇಲೆ ಸ್ಪ್ರೇ ಬಾಟಲಿಯಲ್ಲಿ ದೂರದಿಂದ ಹಗುರಾಗಿ ನೀರಿನ ಹನಿ ಹಾರಿಸಿ. ಕಾಗದ ಒಣಗುತ್ತ ಬಿಗಿಯಾಗುತ್ತದೆ. ಬಣ್ಣ ಬಿಡುವ ಕಾಗದವಾದರೆ ಮಾತ್ರ ಈ ಉಪಾಯ ಬೇಡ. ಮೊದಲು ಒಂದು ತುಂಡಿನಲ್ಲಿ ನೋಡಿಕೊಳ್ಳಿ.

ಇನ್ನು ಕತ್ತರಿ ಕೆಲಸ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಚೌಕದಷ್ಟೇ ದೊಡ್ಡ ಬಿಳಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮತ್ತೊಮ್ಮೆ ಓರೆಯಾಗಿ ಮಡಚಿ, ಅಂಚಿನಲ್ಲಿ ಎಲೆ, ಹೂ, ಚಂದ್ರ ಹೀಗೆ ಏನಾದರೂ ಕತ್ತರಿಸಿ ಬಿಡಿಸಿದರೆ ಜಾಲರಿ ಬರುತ್ತದೆ. ಅದನ್ನು ಬಣ್ಣದ ಕಾಗದದ ಮೇಲೆ ಅಂಟಿಸಬೇಕು. ಹಗಲಲ್ಲಿ ಅದು ಬಿಳಿ ಚಿತ್ತಾರ. ದೀಪ ಹಾಕಿದಾಗ ಎರಡು ಪದರ ಇರುವಲ್ಲಿ ಮಬ್ಬು, ಕತ್ತರಿಸಿದಲ್ಲಿ ಹೊಳಪು. ನಾಲ್ಕು ಚೌಕಕ್ಕೆ ನಾಲ್ಕು ಬೇರೆ ಬೇರೆ ಚಿತ್ತಾರ ಮಾಡಿ, ಒಂದೇ ಥರ ಇರಲೇಬೇಕೆಂದಿಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದರೆ ಒಬ್ಬೊಬ್ಬರಿಗೆ ಒಂದೊಂದು. ತಂಗಿಯ ಮಗಳು "ದೊಡ್ಡಮ್ಮ, ನನ್ನದು ರಸ್ತೆ ಕಡೆಗೆ ಬರ್ಬೇಕು" ಎಂದು ಮೊದಲೇ ಹೇಳಿಟ್ಟಿರುತ್ತಾಳೆ. ಗಾಳಿಗೆ ಗೂಡು ತಿರುಗುತ್ತಲೇ ಇರುವುದರಿಂದ ಎಲ್ಲರದ್ದೂ ರಸ್ತೆಗೆ ಕಾಣುತ್ತದೆ.

ಬಾಲಕ್ಕೆ ಉದ್ದ ಕಾಗದವನ್ನು ಮಡಚಿ, ಮೇಲೆ ಎರಡು ಇಂಚು ಬಿಟ್ಟು ಅರ್ಧ ಇಂಚಿನ ಪಟ್ಟಿಗಳಾಗಿ ಕತ್ತರಿಸಿ, ಕೆಳಗಿನ ಚೌಕದ ಸುತ್ತ ಅಂಟಿಸಿ. ಎರಡು ಅಡಿ ಉದ್ದ ಇದ್ದರೆ ಚೆಂದ. ಮೂಲೆಗಳಿಗೆ ಸಣ್ಣ ಗೊಂಡೆ.

ಒಳಗಿನ ದೀಪ ಎಲ್‌ಇಡಿ ಇರಲಿ, 3 ರಿಂದ 5 ವ್ಯಾಟ್. ಹಿಂದೆ ಎಣ್ಣೆಯ ಹಣತೆ ಇಡುತ್ತಿದ್ದರು, ಆಮೇಲೆ ತಂತಿಯ ಬಲ್ಬ್ ಬಂತು. ತಂತಿಯ ಬಲ್ಬಿನ ಬಿಸಿಗೆ ಕಾಗದ ಕಂದಿ ಸುಡುವ ಭಯ ಇತ್ತು. ಎಲ್‌ಇಡಿಯಲ್ಲಿ ಆ ಚಿಂತೆ ಬಹಳ ಕಡಿಮೆ. ಆದರೂ ಬಲ್ಬ್ ಕಾಗದಕ್ಕೆ ತಾಗದೆ ನಡುವೆ ತೂಗುವಂತೆ ನೋಡಿಕೊಳ್ಳಿ. ಬೆಳ್ಳನೆಯ ಬೆಳಕಿನದ್ದು ಬೇಡ, ಹಳದಿ ಬೆಳಕಿನದ್ದೇ ತನ್ನಿ. ಬೆಳ್ಳನೆಯ ಬೆಳಕಲ್ಲಿ ಕೆಂಪು, ಹಳದಿ ಕಾಗದ ಜೀವ ಕಳೆದುಕೊಳ್ಳುತ್ತದೆ. ವೈರಿನ ಜೋಡಣೆ ಮನೆಯೊಳಗೇ ಇರಲಿ, ಹೊರಗೆ ಮಳೆಗೆ ಸಿಕ್ಕುವಂತೆ ಇರಬಾರದು.

ಮಳೆ ಅಂದಾಗ ನೆನಪಾಯಿತು. ನಮ್ಮ ಕರಾವಳಿಯಲ್ಲಿ ದೀಪಾವಳಿ ಬರುವುದೇ ಗುಡುಗು ಮಳೆಯ ಹೊತ್ತಿಗೆ. ಮಧ್ಯಾಹ್ನ ಬಿಸಿಲು, ಸಂಜೆ ಮೋಡ. ಕೆಲವರು ಗೂಡುದೀಪಕ್ಕೆ ಪ್ಲಾಸ್ಟಿಕ್ ಹೊದೆಸುತ್ತಾರೆ. ಹಾಗೆ ಮಾಡಿದರೆ ಬಾಲ ಆಡುವುದಿಲ್ಲ, ಬೆಳಕೂ ಮಂಕು. ನಾನು ಹಗ್ಗಕ್ಕೆ ಒಂದು ಕೊಕ್ಕೆ ಹಾಕಿದ್ದೇನೆ. ಮೋಡ ಕಂಡರೆ ಕಳಚಿ ಒಳಗೆ ತಂದರಾಯಿತು.

ಆರು ಚೌಕದ ಕ್ರಮದಲ್ಲಿ ಇನ್ನೊಂದು ಅನುಕೂಲ ಉಂಟು. ಚೌಕಗಳನ್ನು ಬಿಡಿಬಿಡಿಯಾಗಿ ಒಂದರ ಮೇಲೊಂದು ಇಟ್ಟರೆ ಸೂಟ್‌ಕೇಸಿನಲ್ಲಿ ಸೀರೆಯಡಿಗೆ ಚಪ್ಪಟೆಯಾಗಿ ಕೂರುತ್ತವೆ. ದುಬೈಯಲ್ಲಿರುವ ನಮ್ಮ ಹುಡುಗರಿಗೆ ಹೀಗೇ ಕಳಿಸಿದ್ದು. ಕಾಗದವನ್ನು ಸುರುಳಿ ಸುತ್ತಿ ಜೊತೆಗಿಟ್ಟೆ, ಅಲ್ಲಿ ಅವರೇ ಕಟ್ಟಿಕೊಂಡರು. ವಿಡಿಯೋ ಕಾಲ್‌ನಲ್ಲಿ "ಚಿಕ್ಕಮ್ಮ, ಇದು ವಾಲ್ತಾ ಉಂಟಲ್ಲ" ಅಂದರು. ಅಡ್ಡ ದಾರ ಕಟ್ಟಿರಲಿಲ್ಲ, ಕಟ್ಟಿದ ಮೇಲೆ ಸರಿಯಾಯಿತು.

ಬಗೆಬಗೆಯ ಗೂಡು ನೋಡಿ ಕಲಿಯುವ ಆಸೆ ಇದ್ದರೆ ಹಬ್ಬದ ಸಮಯದಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಹೋಗಿ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂದು ವಿಭಾಗಗಳಿರುತ್ತವೆ. ನಾನು ಸಾಂಪ್ರದಾಯಿಕ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಾಗದಕ್ಕಿಂತ ಒಳಗಿನ ಕಟ್ಟು ಹೇಗಿದೆ ಎಂದು ಬಗ್ಗಿ ನೋಡುವುದು ನನ್ನ ಅಭ್ಯಾಸ.

ಗೂಡುದೀಪ ಒಂದು ಚೆನ್ನಾಗಿದ್ದರೆ ಉಳಿದ ಅಲಂಕಾರ ಸ್ವಲ್ಪವೇ ಸಾಕು. ನೀರು ತುಂಬುವ ದಿನ ಬಚ್ಚಲಿನ ಹಂಡೆಗೆ ಶೇಡಿಮಣ್ಣಿನ ಗೆರೆ ಎಳೆದು ಗೊಂಡೆ ಹೂವಿನ ಮಾಲೆ. ಹಂಡೆ ಇಲ್ಲದ ಮನೆಯಲ್ಲಿ ತಾಮ್ರದ ಕೊಡಕ್ಕೇ ಹಾಕಬಹುದು. ಜಗಲಿಗೆ ಹಣತೆ ಸಾಲು. ಹೊಸ ಹಣತೆಗಳನ್ನು ಬೆಳಿಗ್ಗೆಯೇ ನೀರಲ್ಲಿ ನೆನೆಹಾಕಿ ಒರೆಸಿಟ್ಟರೆ ಎಣ್ಣೆ ಕುಡಿಯುವುದಿಲ್ಲ. ಟೈಲ್ಸ್ ಮೇಲೆ ಎಣ್ಣೆ ಕಲೆ ಬೇಡ ಅನ್ನುವವರು ಬಾಳೆದಿಂಡನ್ನು ಉದ್ದಕ್ಕೆ ಸೀಳಿ, ಅಲ್ಲಲ್ಲಿ ಗುಳಿ ತೋಡಿ ಹಣತೆ ಕೂರಿಸಿ. ಹಸಿ ದಿಂಡು, ಬೆಂಕಿಯ ಭಯವೂ ಇಲ್ಲ, ಹಣತೆ ಉರುಳುವುದೂ ಇಲ್ಲ. ಹಬ್ಬ ಮುಗಿದ ಮೇಲೆ ಕತ್ತರಿಸಿ ತೆಂಗಿನ ಬುಡಕ್ಕೆ ಹಾಕಿದರೆ ಗೊಬ್ಬರ.

ಗೂಡುದೀಪವನ್ನು ನಾವು ತುಳಸಿ ಪೂಜೆಯವರೆಗೂ ಉರಿಸುತ್ತೇವೆ. ಇಳಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಅಂಚುಗಳನ್ನು ಒತ್ತಿ ಕಾಗದ ಬಿಡಿಸಿ, ಕಡ್ಡಿ ಒರೆಸಿ, ಒಂದು ದಿನ ಬಿಸಿಲಿಗೆ ಇಡುತ್ತೇನೆ. ಸಡಿಲವಾದ ಗಂಟುಗಳನ್ನು ಆಗಲೇ ಬಿಗಿಯುವುದು. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಹೊಗೆಗೆ ಹುಳ ಬರುತ್ತಿರಲಿಲ್ಲ. ಈಗ ಹಳೆಯ ದಿಂಬಿನ ಚೀಲವೊಂದಕ್ಕೆ ಹಾಕಿ, ಒಣಗಿದ ಬೇವಿನ ಸೊಪ್ಪು ಸೇರಿಸಿ ಕಪಾಟಿನ ಮೇಲೆ ಇಡುತ್ತೇನೆ. ಮುಂದಿನ ಹಬ್ಬಕ್ಕೆ 12 ಇಂಚಿನ ಚೌಕದ್ದೊಂದು ಕಟ್ಟುವ ಮನಸ್ಸಿದೆ. ಅದರ ನಡುವಿನ ಅಗಲ 24 ಇಂಚು ಆಗುತ್ತದೆ. ಒಳಗೆ ಕಟ್ಟಿದ್ದು ಬಾಲ್ಕನಿಯ ಬಾಗಿಲಲ್ಲಿ ಹೊರಗೆ ಹೋಗುತ್ತದೋ ಎಂದು ಮೊದಲೇ ಟೇಪು ಹಿಡಿದು ಅಳೆದಿಟ್ಟಿದ್ದೇನೆ, ಹೋಗುತ್ತದೆ.