ಹಳೆಯ ಕಂಪ್ಯೂಟರಿನ ಸಾಫ್ಟ್‌ವೇರ್ ಹೊಸದಕ್ಕೆ ತರುವುದು ಹೇಗೆ?

ಹೊಸ ಕಂಪ್ಯೂಟರ್ ಕೊಂಡವರು ಏನು ಮಾಡುತ್ತಾರೆ ಎಂದು ನೋಡಿ ನೋಡಿ ಸಾಕಾಗಿದೆ. ಹಳೆಯದರ ಸಿ ಡ್ರೈವಿಗೆ ಹೋಗಿ, ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ತುಂಬಿ, ಹೊಸದರಲ್ಲಿ ಸುರಿಯುತ್ತಾರೆ. ಆಮೇಲೆ ಐಕಾನ್ ಒತ್ತಿದರೆ ಪ್ರೋಗ್ರಾಂ ಓಡಲು ಬೇಕಾದ ಯಾವುದೋ ಡಿಎಲ್‌ಎಲ್ ಫೈಲ್ ಸಿಗುತ್ತಿಲ್ಲ ಎಂಬ ಗೊಣಗಾಟ. ಇನ್ನು ಕೆಲವರು ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಒಂದನ್ನೇ ತಂದಿರುತ್ತಾರೆ. ಅದು ಮನೆ ವಿಳಾಸದ ಚೀಟಿ ತಂದ ಹಾಗೆ, ಮನೆ ಅಲ್ಲೇ ಉಳಿದಿರುತ್ತದೆ.

ವಿಂಡೋಸ್‌ನಲ್ಲಿ ಪ್ರೋಗ್ರಾಂ ಒಂದೇ ಕಡೆ ಕೂರುವುದಿಲ್ಲ. ಸ್ವಲ್ಪ ಆ ಫೋಲ್ಡರಿನಲ್ಲಿ, ಸ್ವಲ್ಪ ವಿಂಡೋಸ್‌ನ ಹೊಟ್ಟೆಯೊಳಗೆ, ಒಂದಿಷ್ಟು ಟಿಪ್ಪಣಿ ರಿಜಿಸ್ಟ್ರಿ ಎಂಬ ವಿಂಡೋಸ್‌ನ ಲೆಕ್ಕದ ಪುಸ್ತಕದಲ್ಲಿ. ಹಾಗಾಗಿ ಪ್ರೋಗ್ರಾಂಗಳನ್ನು ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಹೊತ್ತು ತರಬೇಕಾದ್ದು ಎರಡೇ: ಲೈಸೆನ್ಸ್ ಮತ್ತು ಸೆಟ್ಟಿಂಗ್‌ಗಳು.

ಹೆಜ್ಜೆ 1: ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿ ತೆರೆದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಅರ್ಧಕ್ಕರ್ಧ ನಿಮಗೆ ಬೇಡದ್ದೇ ಇರುತ್ತದೆ, ಹೊಡೆದು ಹಾಕಿ.

ಹೆಜ್ಜೆ 2: ಲೈಸೆನ್ಸ್. ಎಲ್ಲರೂ ಎಡವುವುದು ಇಲ್ಲೇ. ದುಡ್ಡು ಕೊಟ್ಟು ಕೊಂಡ ಎಷ್ಟೋ ಸಾಫ್ಟ್‌ವೇರ್‌ಗಳು ಒಂದೋ ಎರಡೋ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಹಳೆಯದು ಜಾಗ ಬಿಟ್ಟುಕೊಡದೆ ಹೊಸದನ್ನು ಒಳಗೆ ಸೇರಿಸುವುದಿಲ್ಲ. ಆದ್ದರಿಂದ ಹಳೆಯ ಯಂತ್ರ ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ ಇಂಟರ್ನೆಟ್ ಜೋಡಿಸಿ, ಪ್ರೋಗ್ರಾಂ ತೆರೆಯಿರಿ. ಹೆಲ್ಪ್ ಅಥವಾ ಅಕೌಂಟ್ ಮೆನುವಿನಲ್ಲಿ ಡೀಆಕ್ಟಿವೇಟ್ ಅಥವಾ ಸೈನ್ ಔಟ್ ಹುಡುಕಿ ಒತ್ತಿ. ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕು ಎಂದುಕೊಳ್ಳಬೇಡಿ, ಬಹಳಷ್ಟರಲ್ಲಿ ಎರಡೂ ಬೇರೆ ಬೇರೆ. ನಾನೇ ಒಮ್ಮೆ ಇದನ್ನು ಮರೆತು ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿದೆ. ಆಮೇಲೆ ಕಂಪನಿಯವರಿಗೆ ಬಿಲ್ ಕಳಿಸಿ, ಮೇಲ್ ಮೇಲೆ ಮೇಲ್ ಬರೆದು ವಾರಗಟ್ಟಲೆ ಕಾದೆ. ಯಂತ್ರ ಆಗಲೇ ಕೆಟ್ಟು ಹೋಗಿದ್ದರೆ ಕಂಪನಿಯ ವೆಬ್‌ಸೈಟಿಗೆ ಲಾಗಿನ್ ಆಗಿ, ಸಾಧನಗಳ ಪಟ್ಟಿಯಿಂದ ಅದನ್ನು ತೆಗೆಯಲು ಆಗುತ್ತದಾ ನೋಡಿ.

ಲೈಸೆನ್ಸ್ ಕೀ, ಅಂದರೆ ಕೊಂಡಾಗ ಕೊಟ್ಟ ಅಕ್ಷರ-ಅಂಕಿಗಳ ಸಾಲು, ಕಳೆದು ಹೋಗಿದೆಯಾ? ಹಳೆಯ ಇಮೇಲ್‌ನಲ್ಲಿ ಹುಡುಕಿ. ಕೀ ಹುಡುಕಿ ಕೊಡುತ್ತೇವೆ ಎನ್ನುವ ಪುಕ್ಕಟೆ ಪ್ರೋಗ್ರಾಂಗಳನ್ನು ಹಾಕಲೇಬೇಡಿ, ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾದೀತು. ಹಾಗೇ, ಕಂಪ್ಯೂಟರಿನ ಜೊತೆಗೇ ಬಂದ ಮೈಕ್ರೋಸಾಫ್ಟ್ ಆಫೀಸ್‌ನ ಲೈಸೆನ್ಸ್ ಸಾಮಾನ್ಯವಾಗಿ ಆ ಯಂತ್ರಕ್ಕೇ ಅಂಟಿರುತ್ತದೆ. ಮೈಕ್ರೋಸಾಫ್ಟ್ 365 ಚಂದಾ ಇದ್ದರೆ ತಲೆಬಿಸಿ ಇಲ್ಲ, ಸುಮ್ನೆ ಸೈನ್ ಇನ್ ಆದರಾಯಿತು.

ಹೆಜ್ಜೆ 3: ಸೆಟ್ಟಿಂಗ್‌ಗಳು. ಇವು ಹೆಚ್ಚಾಗಿ ಇರುವುದು ನಿಮ್ಮ ಯೂಸರ್ ಫೋಲ್ಡರಿನೊಳಗಿನ ಆಪ್‌ಡೇಟಾ ಎಂಬ ಫೋಲ್ಡರಿನಲ್ಲಿ. ಅದು ಮಾಮೂಲಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿದರೆ ಕಾಣಿಸುತ್ತದೆ. ಒಳಗೆ ಲೋಕಲ್, ಲೋಕಲ್‌ಲೋ, ರೋಮಿಂಗ್ ಎಂದು ಮೂರು ಫೋಲ್ಡರ್. ಇಡೀ ಆಪ್‌ಡೇಟಾವನ್ನು ಹೊಸದರ ಮೇಲೆ ಸುರಿಯಬೇಡಿ, ಅದು ಮತ್ತೆ ಮೊದಲಿನ ತಪ್ಪೇ. ಬೇಕಾದ ಪ್ರೋಗ್ರಾಂನ ಫೋಲ್ಡರ್ ಮಾತ್ರ ಎತ್ತಿಕೊಳ್ಳಿ. ಥಂಡರ್‌ಬರ್ಡ್ ಎಂಬ ಇಮೇಲ್ ಪ್ರೋಗ್ರಾಂ ಬಳಸುವವರ ಇಮೇಲ್ ರೋಮಿಂಗ್‌ನಲ್ಲಿ ಇರುತ್ತದೆ. ಕಾಪಿ ಮಾಡುವ ಮುಂಚೆ ಆ ಪ್ರೋಗ್ರಾಂ ಮುಚ್ಚಿರಬೇಕು, ಎರಡೂ ಕಡೆ.

ಕ್ರೋಮ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ಅದರ ಪಾಸ್‌ವರ್ಡ್‌ಗಳಿಗೆ ಹಳೆಯ ವಿಂಡೋಸ್ ಖಾತೆಯ ಬೀಗ ಇರುತ್ತದೆ. ಫೋಲ್ಡರ್ ಬಂದರೂ ಅವು ತೆರೆಯುವುದಿಲ್ಲ. ಗೂಗಲ್ ಖಾತೆಯಿಂದ ಸಿಂಕ್ ಆನ್ ಮಾಡಿ, ಇಲ್ಲವೇ ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ, ಅಂದರೆ ಒಂದು ಫೈಲಿಗೆ ಇಳಿಸಿಕೊಳ್ಳಿ. ಎಕ್ಸ್‌ಪೋರ್ಟ್ ಆದ ಫೈಲಿನಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಬರೀ ಅಕ್ಷರಗಳಲ್ಲಿ ಬಿದ್ದಿರುತ್ತವೆ. ಕೆಲಸ ಮುಗಿದ ಕೂಡಲೇ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಹೆಜ್ಜೆ 4: ಎಲ್ಲವನ್ನೂ ತಯಾರಕರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿ ಇನ್‌ಸ್ಟಾಲ್ ಮಾಡಿ. ಒಮ್ಮೆ ತೆರೆದು ಮುಚ್ಚಿ, ಆಮೇಲೆ ಸೆಟ್ಟಿಂಗ್ ಫೋಲ್ಡರ್ ಜಾಗಕ್ಕೆ ಹಾಕಿ. ಕಮಾಂಡ್‌ಗಳಿಗೆ ಹೆದರದವರು ಪ್ರೋಗ್ರಾಂ ಇಳಿಸಿಕೊಡುವ ಮೈಕ್ರೋಸಾಫ್ಟ್‌ನದೇ ವಿನ್‌ಗೆಟ್ ಬಳಸಬಹುದು: ಹಳೆಯದರಲ್ಲಿ ಎಕ್ಸ್‌ಪೋರ್ಟ್ ಮಾಡಿ ಪಟ್ಟಿ ತೆಗೆದು, ಹೊಸದರಲ್ಲಿ ಇಂಪೋರ್ಟ್. ಅದರ ಭಂಡಾರದಲ್ಲಿರುವ ಪ್ರೋಗ್ರಾಂಗಳನ್ನೆಲ್ಲ ತಾನೇ ಇಳಿಸಿಕೊಳ್ಳುತ್ತದೆ.

ಎಲ್ಲವನ್ನೂ ಒಂದೇ ಕ್ಲಿಕ್ಕಿಗೆ ಸಾಗಿಸುವ ಸಾಫ್ಟ್‌ವೇರ್‌ಗಳೂ ಇವೆಯಲ್ವಾ ಎಂದು ಕೇಳುತ್ತೀರಿ. ಇವೆ. ಹಳೆಯ ಕಸವನ್ನೂ ಅಷ್ಟೇ ನಿಷ್ಠೆಯಿಂದ ತರುತ್ತವೆ, ನನಗೆ ಬೇಡ. ಮ್ಯಾಕ್‌ನ ಮೈಗ್ರೇಶನ್ ಅಸಿಸ್ಟೆಂಟ್ ಮಾತ್ರ ಬೇರೆ, ಅದು ಪ್ರೋಗ್ರಾಂಗಳನ್ನೂ ಚೆನ್ನಾಗಿ ತರುತ್ತದೆ. ಆದರೆ ಮ್ಯಾಕ್‌ನ ಕಾರ್ಯಾಚರಣಾ ವ್ಯವಸ್ಥೆಯ 2019ರ ಕ್ಯಾಟಲೀನಾ ಆವೃತ್ತಿಯಿಂದ ಈಚೆಗೆ ಹಳೆಯ ಬಗೆಯ 32 ಬಿಟ್ ಪ್ರೋಗ್ರಾಂಗಳು ಓಡುವುದಿಲ್ಲ.

ಹಳೆಯ ಯಂತ್ರವನ್ನು ಕೂಡಲೇ ಅಳಿಸಬೇಡಿ, ಒಂದು ತಿಂಗಳಾದರೂ ಹಾಗೇ ಇರಲಿ. ಹೊಸದರಲ್ಲಿ ಏನಾದರೂ ಕಾಣೆಯಾದಾಗಲೆಲ್ಲ ಅದನ್ನು ತೆರೆದು ಹುಡುಕಿ. ಆ ತಿಂಗಳ ಕೊನೆಯ ಎರಡು ವಾರ ಒಮ್ಮೆಯೂ ಅದರ ನೆನಪಾಗದಿದ್ದರೆ ಆಗ ಫಾರ್ಮ್ಯಾಟ್ ಮಾಡಿ.